ಎಲಿಜಬೇತಮ್ಮನ ಎಡಗೈ

ಗೋಡೆಯ ಚಿತ್ರವನ್ನು ಪರೀಕ್ಷಿಸಲು ನೂತೊ ಬರುವ ದಿನ ಗೊತ್ತಾದಾಗಿನಿಂದ ಗೀನೋ ರಾತ್ರಿ ಎದ್ದೆದ್ದು ಕೂರುತ್ತಿದ್ದ.

ಫ್ಲಾರೆನ್ಸಿನಲ್ಲಿ ದೊಡ್ಡ ಗುಮ್ಮಟ ಎದ್ದು ಒಂದು ತಲೆಮಾರು ಕಳೆದಿತ್ತು. ಕೊರ್ತೊನಾದಂಥ ಬೆಟ್ಟದೂರಿನವರಿಗೂ ತಮ್ಮ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ಸಂತರು ಉಸಿರಾಡಬೇಕೆಂಬ ಆಸೆ. ಊರಿಗೆ ಚಿತ್ರಗಾರರು ಇಬ್ಬರೇ, ಗೀನೋ ಮತ್ತು ನೂತೊ. ಒಬ್ಬನೇ ಗುರುವಿನ ಬಳಿ ಬಣ್ಣ ಅರೆದು ಬೆಳೆದವರು. ನೂತೊನ ತಾಯಿ ತೆಸ್ಸಾ ಸುಟ್ಟುಕೊಟ್ಟ ರೊಟ್ಟಿಯನ್ನು ಮುರಿದು ಹಂಚಿಕೊಂಡು ತಿಂದವರು. ಆಮೇಲೆ ಯಾವುದೋ ಗೋಡೆ ಇವನಿಗೆ ಸಿಕ್ಕಿತು, ಅವನಿಗೆ ತಪ್ಪಿತು, ಮಾತು ನಿಂತಿತು. ‘ಗೀನೋ ಬರೆದ ದೇವದೂತರಿಗೆಲ್ಲ ಹಲ್ಲುನೋವು’ ಎಂದು ನೂತೊ ಸಂತೆಯಲ್ಲಿ ಆಡಿದ. ‘ನೂತೊನ ಕುದುರೆ ಹುಲ್ಲು ತಿಂದದ್ದಲ್ಲ, ಹುಲ್ಲು ತುಂಬಿದ್ದು’ ಎಂದು ಗೀನೋ ತಿರುಗಿಸಿ ಕೊಟ್ಟ. ಹಾಗೇ ವರ್ಷಗಳು ಉರುಳಿದ್ದವು.

ಈ ಸಲದ ಗೋಡೆ ಗೀನೋನದು. ತುಂಬು ಬಸುರಿ ಎಲಿಜಬೇತಮ್ಮನ ಮನೆಬಾಗಿಲಿಗೆ ಮಾತೆ ಮರಿಯ ನಡೆದುಬಂದ ಚಿತ್ರ. ಮಂದಿರ ನಡೆಸುವ ಸಂಘದ ಹಿರಿಯ, ಔಷಧಿ ಅಂಗಡಿಯ ಲಾಪೊ, ಕರಾರಿನಲ್ಲಿ ಬಿಗಿಯಾಗಿಯೇ ಹೇಳಿದ್ದ: ಪೂರ್ತಿ ಹಸಿಗಾರೆಯ ಮೇಲೆ ಬರೆಯಬೇಕು. ಗಾರೆ ಹಸಿಯಿದ್ದಾಗ ಹಚ್ಚಿದ ಬಣ್ಣ ಗೋಡೆಯೊಳಗೇ ಸೇರಿ ತಲೆಮಾರುಗಟ್ಟಲೆ ಉಳಿಯುತ್ತದೆ. ಒಣಗಿದ ಮೇಲೆ ಹಚ್ಚಿದ್ದು ಒದ್ದೆ ಬಟ್ಟೆ ತಾಕಿದರೂ ಬಿಡುತ್ತದೆ. ಒಣಗಾರೆಯ ಕೆಲಸ ಸಿಕ್ಕಿದರೆ ಗೋಡೆಯನ್ನೆಲ್ಲ ಕೆತ್ತಿಸಿ ನೂತೊನಿಗೆ ಕೊಡುವುದು. ಚಿತ್ರವನ್ನು ಇನ್ನೊಬ್ಬ ಚಿತ್ರಗಾರ ನೋಡಿ ಒಪ್ಪಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಇನ್ನೊಬ್ಬನೆಂದರೆ ಊರಿನಲ್ಲಿ ನೂತೊನೇ.

ಗೋಡೆಯಲ್ಲಿ ಒಂದು ಕೈ ಒಣಗಾರೆಯ ಮೇಲಿತ್ತು.

ಗೋಡೆ ಮುಗಿಯಬೇಕಾಗಿದ್ದ ಹಬ್ಬದ ಹಿಂದಿನ ದಿನ ಉಳಿದದ್ದು ಅದೊಂದೇ, ಮರಿಯಳ ಹೆಗಲ ಮೇಲಿಟ್ಟ ಎಲಿಜಬೇತಮ್ಮನ ಎಡಗೈ. ಗಾರೆ ಬಳಿದು ಗೀನೋ ಕುಂಚ ತೋಯಿಸಿಕೊಂಡಾಗ ಬೀದಿಯಲ್ಲಿ ಕಿರುಗಂಟೆ ಕೇಳಿತು. ಸಾಯುವವರ ಮನೆಗೆ ಪಾದ್ರಿಗಳು ಕ್ರಿಸ್ತನ ಶರೀರವೆಂದೇ ನಂಬುವ ಪರಮಪ್ರಸಾದ ಒಯ್ಯುತ್ತಿದ್ದರು. ಗೀನೋ ಅಟ್ಟಣೆಯಿಂದ ಇಳಿದ. ದೇವರೇ ಬಾಗಿಲ ಮುಂದೆ ನಡೆದುಹೋಗುವಾಗ ಬಣ್ಣದ ಲೆಕ್ಕ ಹಾಕುವುದು ಅವನಿಗೆ ಗೊತ್ತಿರಲಿಲ್ಲ. ಯಾರೋ ಕೊಟ್ಟ ಮೇಣದಬತ್ತಿ ಹಿಡಿದು ಹಿಂದೆ ನಡೆದ. ಮೂಲೆ ತಿರುಗಿದಾಗಲೇ ತಿಳಿದದ್ದು, ಮೆರವಣಿಗೆ ಹೊರಟದ್ದು ನೂತೊನ ಮನೆಗೆ, ತೆಸ್ಸಾ ಮುದುಕಿಗಾಗಿ. ಕಾಲು ಒಂದು ಗಳಿಗೆ ಹಿಂಜರಿಯಿತು. ಅವಳು ಸುಟ್ಟುಕೊಟ್ಟ ರೊಟ್ಟಿಯ ನೆನಪು ಬಂತು. ಹೊಸ್ತಿಲ ಹೊರಗೆ, ಜನರ ಹಿಂದೆ ಮೊಣಕಾಲೂರಿದ. ವಿಧಿ ಮುಗಿದು ಪಾದ್ರಿಗಳ ಹಿಂದೆ ಚರ್ಚಿನವರೆಗೂ ಹೋಗಿ ಮರಳುವ ಹೊತ್ತಿಗೆ ಬೇಸಿಗೆಯ ಗಾರೆ ಎಲುಬಿನ ಹಾಗೆ ಒಣಗಿತ್ತು. ಸಂಜೆ ಅಟ್ಟಣೆ ಬಿಚ್ಚಲು ಬಡಗಿಗಳು ಬಂದು ನಿಂತಿದ್ದರು. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಅವಸರವಾಗಿ ಕೈಯನ್ನು ಬರೆದು ಮುಗಿಸಿದ. ಯಾರಿಗೂ ಹೇಳಲಿಲ್ಲ. ‘ನೂತೊನ ಮನೆಗೆ ಹೋಗಿದ್ದೆ’ ಎಂದರೆ ಅವನ ಮುಂದೆ ಕೈಯೊಡ್ಡಿದಂತಾಗುತ್ತದೆ ಎಂಬ ಬಿಂಕ.

ಪರೀಕ್ಷೆಯ ದಿನ ನೂತೊ ಒದ್ದೆ ಬಟ್ಟೆ ಹಿಡಿದು ಏಣಿ ಏರಿದ.

“ಈ ಸಲ ದೇವದೂತರೇ ಇಲ್ವಲ್ಲೋ.”

“ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದಾರೆ,” ಎಂದ ಗೀನೋ.

ಬಟ್ಟೆ ಮರಿಯಳ ಸೆರಗು, ಹೊಸ್ತಿಲು, ಬೆಟ್ಟ ಎಲ್ಲವನ್ನೂ ಸವರಿ ಎಡಗೈಗೆ ಬಂತು. ನೂತೊ ಮೆಲ್ಲಗೆ ಉಜ್ಜಿದ. ಬಟ್ಟೆಯನ್ನು ಮಗುಚಿ ನೋಡಿದ. ಚರ್ಮದ ಬಣ್ಣ ಅಂಟಿತ್ತು.

“ಈ ಕೈ ಒಣಗಾರೆ ಮೇಲಿಂದು,” ಎಂದ.

ಲಾಪೊ ನಿಟ್ಟುಸಿರು ಬಿಟ್ಟ. “ಹಾಗಾದ್ರೆ ಇನ್ನೇನಿದೆ. ನಾಳೆ ಕೆತ್ತಿಸ್ತೀನಿ. ಗೋಡೆ ನಿಂದು, ನೂತೊ.”

“ತಡೀರಿ ಯಜಮಾನ್ರೆ. ಯಾಕೆ ಒಣಗ್ತು ಅಂತ ಕೇಳಿ.”

ಲಾಪೊ ಗೀನೋನ ಕಡೆ ತಿರುಗಿದ.

“ಅವನು ಹೇಳಲ್ಲ. ಅವನಿಗೆ ಮುಂಚಿನಿಂದ್ಲೂ ಬಿಂಕ ಜಾಸ್ತಿ,” ಎಂದು ನೂತೊ ಏಣಿಯ ಮೇಲಿಂದಲೇ ಹೇಳಿದ. “ನಮ್ಮವ್ವಂಗೆ ಪರಮಪ್ರಸಾದ ಬಂದ ದಿನ ನಾನು ಕಿಟಕೀಲಿ ನಿಂತಿದ್ದೆ. ಜನರ ಹಿಂದೆ ಒಬ್ಬ ಕೂತಿದ್ದ, ಮೊಣಕೈವರೆಗೂ ಹಸಿ ಸುಣ್ಣ. ಅಲ್ಲಿ ಗೋಡೆ ಒಣಗ್ತಿದೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಆದ್ರೂ ಏಳ್ಲಿಲ್ಲ. ಸುಳ್ಳು ಹೇಳೋಕೆ ನಾನು ಬಂದಿಲ್ಲ, ಕೈ ಒಣಗಾರೇನೆ. ಕೆತ್ತಿಸಿ, ಆದರೆ ಕೈ ಮಾತ್ರ. ಹೊಸ ಗಾರೆ ನಾನೇ ಬಳೀತೀನಿ, ಬರೆಯೋದು ಅವನೇ.”

ಲಾಪೊ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. “ದೇವರ ಹಿಂದೆ ಹೋದವನ ಗೋಡೆ ಕೆತ್ತಿಸಿದ್ರೆ ಈ ಸಂಘ ಯಾಕೆ ಬೇಕು,” ಎಂದು ತನಗೇ ಹೇಳಿಕೊಂಡು, ಆಗಲಿ ಎಂದು ತಲೆಯಾಡಿಸಿದ.

ಗೀನೋ ಏಣಿಯ ಕೆಳಗಿನ ಮೆಟ್ಟಿಲ ಮೇಲೇ ಕೂತುಬಿಟ್ಟ. “ಅವ್ವ ಹೇಗಿದಾಳೆ?” ಎಂದು ಕೇಳಿದ.

“ಎದ್ದು ಕೂತು ಊರನ್ನೇ ಬೈತಿದಾಳೆ. ಗೀನೋ ಒಳಗ್ಯಾಕೆ ಬರ್ಲಿಲ್ಲ ಅಂತ ನನಗೆ ಬೈಗುಳ.”

ಮರುದಿನ ನೂತೊ ಅಂಗಿಯ ತೋಳು ಮಡಚಿ, ಹೊಸಬರು ಮಾಡುವ ಕೆಲಸವನ್ನು ತಾನೇ ಮಾಡಿದ. ಸುಣ್ಣ ಮರಳು ಕಲಸಿ, ಅಂಗೈಯಗಲದ ಗಾರೆ ಬಳಿದ.

“ನುಣುಪು ಸಾಲ್ದು,” ಎಂದ ಗೀನೋ.

“ಮುದುಕಿ ಕೈ ಅಲ್ವೇನೋ, ಸುಕ್ಕಿರ್ಲಿ.”

ಗೀನೋ ಕುಂಚ ಎತ್ತಿದ. ಅಷ್ಟರಲ್ಲಿ ಎಲ್ಲೋ ಗಂಟೆ ಹೊಡೆಯಿತು. ಇಬ್ಬರ ತಲೆಯೂ ಒಟ್ಟಿಗೆ ಬಾಗಿಲ ಕಡೆ ತಿರುಗಿತು.

ನೂತೊ ಕಿವಿಗೊಟ್ಟು ಕೇಳಿ ನಕ್ಕ. “ಮಧ್ಯಾಹ್ನದ ಗಂಟೆ ಕಣೋ. ಯಾರೂ ಸಾಯ್ತಿಲ್ಲ, ಬರಿ.”

ಗೀನೋ ಶಿಲುಬೆಯ ಗುರುತು ಹಾಕಿಕೊಂಡು ಬರೆಯತೊಡಗಿದ. ಹಸಿಗಾರೆ ಬಣ್ಣವನ್ನು ಬಾಯಾರಿದವರ ಹಾಗೆ ಕುಡಿಯಿತು.