ಸುಣ್ಣ ಬಳಿದ ಬಾಣದ ಕಟ್ಟೆ

೧.

ಎಲ್ಲಿಂದ ಶುರು ಮಾಡಲಿ? ಕೆರೆಯಿಂದ ಅಂದರೆ ನೀವು ಆಗಲೇ ಆಕಳಿಸುತ್ತೀರಿ. ಬಾಣ ಬಿರುಸಿನಿಂದ ಅಂದರೆ ಮೊದಲ ಸಾಲಿಗೇ ಢಮ್ ಎಂದು, ಉಳಿದ ಕಥೆಯೆಲ್ಲ ಹೊಗೆ. ಪ್ರಾಧಿಕಾರದ ಪತ್ರದಿಂದ ಶುರುವಾಗುವ ಡ್ರಾಫ್ಟ್ ಒಂದಿತ್ತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅನ್ನುವಷ್ಟರಲ್ಲಿ ನನಗೇ ನಿದ್ದೆ ಬಂತು. ಹರಿದೆ.

ಕೈಮುಗಿದು ಶಿವಲಿಂಗಮ್ಮನಿಂದಲೇ ಶುರು ಮಾಡುತ್ತೇನೆ. ತಪ್ಪು ಮಾಡಿದವಳು ಅವಳೇ ತಾನೆ.

೨.

ಚನ್ನಪಟ್ಟಣ ದಾಟಿ ವಿರೂಪಾಕ್ಷಿಪುರದ ಕಡೆ ಹೋಗುವಾಗ ಒಂದು ಕೆರೆ. ಅದರ ಏರಿ ಮೇಲೆ ಏರಿಯಮ್ಮನ ಗುಡಿ. (ಕಥೆಗೆಂದು ನಾನೇ ಕಟ್ಟಿದ್ದು. ಹುಡುಕಿಕೊಂಡು ಹೋಗಬೇಡಿ.) ಅಲ್ಲಿನ ಪೂಜೆ ಶಿವಲಿಂಗಮ್ಮನದು. ಗುಡಿಯ ಎದುರಿಗೆ, ನೀರಿನಂಚಿಗೆ, ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಕಾರ್ತಿಕದ ಕೊನೇ ಸೋಮವಾರ, ಮೊದಲ ಚುಕ್ಕಿ ಕಂಡ ಮೇಲೆ, ಬಾಣ ಬಿರುಸು ಏಳುವುದು ಅಲ್ಲಿಂದ. ಪೇಟೆಗೆ ಪೇಟೆಯೇ ಏರಿ ಮೇಲೆ ನಿಂತಿರುತ್ತದೆ.

ಜನ ಆಕಾಶ ನೋಡುತ್ತಾರೆ. ಏರಿಯಮ್ಮ ನೋಡುವುದಿಲ್ಲ. ಕೆರೆ ಕಾಯುವವಳು ನೀರಿನಿಂದ ಕಣ್ಣು ಕೀಳುವುದಿಲ್ಲವಂತೆ. ಅದಕ್ಕೇ ಬೆಳಕು ಅವಳ ಕಣ್ಣಳತೆಯ ನೀರಿನಲ್ಲೇ ಬೀಳಬೇಕು. ಕಟ್ಟೆ ನಾಲ್ಕು ಮಾರು ಸರಿದರೂ ಸೇವೆ ಅವಳಿಗೆ ಮುಟ್ಟದು.

ಬಿರುಸಿನ ಮರದ ಕೊಳವೆಗಳನ್ನು ಲೇತಿನಲ್ಲಿ ಕಡೆದುಕೊಡುವವನು ಬೊಂಬೆ ಕೆಲಸದ ತಾಜ್ ಪಾಷಾ. ವರ್ಷವಿಡೀ ಬುಗುರಿ, ಗಿಲಕಿ. ಕಾರ್ತಿಕ ಹತ್ತಿರ ಬಂದರೆ ಅದೇ ಹಾಲೆಮರ, ಅದೇ ಲೇತು, ಒಳಗೆ ಮಾತ್ರ ಟೊಳ್ಳು. ಇವನನ್ನು ನಾನು ಮೊದಲು 'ಸೌಹಾರ್ದದ ಸಂಕೇತ' ಎಂದು ಬರೆದಿದ್ದೆ. ಓದಿಸಿಕೊಂಡು ಮುಖ ಕಿವುಚಿದ.

"ಸಂಕೇತ ಗಿಂಕೇತ ಬ್ಯಾಡ ಸಾರ್. ಕೊಳವೆ ಸೀಳಲ್ಲ ಅಂತ ಬರೀರಿ, ಸಾಕು."

ಬರೆದಿದ್ದೇನೆ. ಅವನ ಕೊಳವೆ ಸೀಳುವುದಿಲ್ಲ.

೩.

ಈಗ ಕೆರೆಗೆ ವಾಟರ್‌ಫ್ರಂಟ್ ಬರುತ್ತದೆ. ವಾಕಿಂಗ್ ಪಾತ್, ಗಾಜಿನ ರೇಲಿಂಗ್, ಸೆಲ್ಫಿ ಪಾಯಿಂಟ್, ಸರಿಯಾಗಿ ಕಟ್ಟೆ ಇರುವಲ್ಲಿ ಫುಡ್ ಕೋರ್ಟ್. ಊರವರು ಕೆರೆ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರು. ಉತ್ತರವೂ ಬಂತು (ಪವಾಡ): ಕಟ್ಟೆ ಬಳಕೆಯಲ್ಲಿದ್ದರೆ ಉಳಿಸಿಕೊಂಡು ನಕ್ಷೆ ಬದಲಿಸುತ್ತೇವೆ, ಬುಧವಾರ ಸ್ಥಳ ಪರಿಶೀಲನೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಕಟ್ಟೆಯ ತುಂಬ ತಲೆಮಾರುಗಳ ಮಸಿ. ಕುರುಡನೂ ಮುಟ್ಟಿ ಹೇಳಬಹುದಿತ್ತು, ಇದು ಉರಿದ ಕಲ್ಲು ಅಂತ.

ಆದರೆ ಯಾರೋ ದೊಡ್ಡವರು ಬರುತ್ತಾರಂತಲ್ಲ. ಮಂಗಳವಾರ ಬೆಳಗ್ಗೆಯಿಂದ ಶಿವಲಿಂಗಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಕಟ್ಟೆ ಉಜ್ಜಿದಳು. ಮೊದಲು ಹುಣಸೆಹಣ್ಣು, ಆಮೇಲೆ ಸೋಪಿನ ಪುಡಿ, ಆಮೇಲೆ ತೆಂಗಿನ ನಾರು. ಸಂಜೆಗೆ ಎರಡು ಕೈ ಸುಣ್ಣ. ಅಂಚಿಗೆ ಕೆಮ್ಮಣ್ಣಿನ ಗೆರೆ, ಮೇಲೊಂದು ರಂಗೋಲಿ.

ಅಮ್ಮಾ ತಾಯಿ, ನನಗೆ ತಾಳ್ಮೆ ಕೊಡು.

ಬುಧವಾರ ಬಂದ ಎಂಜಿನಿಯರ್ ಹೆಸರು ಸಿರಿ. ಚಿಕ್ಕ ವಯಸ್ಸು. ಮಜ್ಜಿಗೆ ಕುಡಿದಳು, ಕಟ್ಟೆ ಬಹಳ ನೀಟಾಗಿದೆ ಎಂದು ಹೊಗಳಿದಳು, ವರದಿ ಬರೆದಳು: 'ಸುಡುಮದ್ದು ಬಳಕೆಯ ಯಾವುದೇ ಕುರುಹು ಕಂಡುಬಂದಿರುವುದಿಲ್ಲ.'

೪.

(ಸಿರಿಯನ್ನು ಖಳನಾಯಕಿ ಮಾಡಿದ ಎರಡು ಪುಟ ಇಲ್ಲಿದ್ದವು. ಸುಳ್ಳಾದ್ದರಿಂದ ಹರಿದೆ. ಕಂಡದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದಳು ಅವಳು. ಹಾಗೆಂದು ನಾನೂ ಸಭೆಗಳಲ್ಲಿ ಹೇಳಿದವನೇ.)

೫.

ವೀಡಿಯೊ ಇಲ್ಲವೇ ಎಂದು ಕೇಳುತ್ತೀರಿ. ಇವೆ, ನೂರಾರು. ಎಲ್ಲರ ಫೋನಿನಲ್ಲೂ ಆಕಾಶ. ಒಬ್ಬನಾದರೂ ಫೋನನ್ನು ಕಟ್ಟೆ ಕಡೆ ಬಗ್ಗಿಸಿಲ್ಲ. ಸಿರಿ ಹದಿನೇಳು ವೀಡಿಯೊ ತಾಳ್ಮೆಯಿಂದ ನೋಡಿ, ಇದು ಯಾವೂರ ಆಕಾಶ ಅಂತ ಬರೀಲಿ ಎಂದು ಕೇಳಿದಳಂತೆ. ಊರವರ ಹೇಳಿಕೆಗೆ ಫಾರಮ್ಮಿನಲ್ಲಿ ಕಾಲಂ ಇಲ್ಲ. ಕಾರ್ತಿಕದ ಕೊನೇ ಸೋಮವಾರಕ್ಕೆ ಇನ್ನೂ ಹನ್ನೊಂದು ದಿನ. ಕಟ್ಟೆ ಒಡೆಯಲು ಜೆಸಿಬಿ ಬರುವುದು ನಾಳೆ. ಇವತ್ತು ಗುರುವಾರ, ಊರವರು ಕಾಡಿ ಬೇಡಿ ಸಿರಿಯನ್ನು ಇನ್ನೊಮ್ಮೆ ಕರೆಸಿದ್ದಾರೆ. ಹನ್ನೊಂದು ಗಂಟೆಗೆ ಬರುತ್ತಾಳೆ.

ಅಷ್ಟರೊಳಗೆ ನನಗೊಂದು ಅಂತ್ಯ ಬೇಕು.

ಅಂತ್ಯ ಒಂದು: ಸುಣ್ಣ ಕೆರೆಯುತ್ತಾರೆ, ಅಡಿಯಲ್ಲಿ ಮಸಿ ಕಾಣುತ್ತದೆ. ತಾಜ್ ಪಾಷಾ ಉಳಿಯಿಂದ ಕೆರೆದೂ ನೋಡಿದ. ಕಲ್ಲು ಹೊಸ ಮದುಮಗಳ ಹಾಗಿತ್ತು. ಅಷ್ಟು ಚೆನ್ನಾಗಿ ಉಜ್ಜಿದ್ದಾಳೆ ಮಹಾತಾಯಿ.

ಅಂತ್ಯ ಎರಡು: ಒಲೆ ಮಸಿ ತಂದು ಬಳಿಯುವುದು. ಇದನ್ನು ನಾನೇ ಶಿವಲಿಂಗಮ್ಮನ ಕಿವಿಗೆ ಹಾಕಿದೆ.

"ದೇವ್ರ ಕಟ್ಟೆಗೆ ಸುಳ್ಳು ಮಸಿ ಬಳಿಯಾಕೆ ನನ್ ಕೈ ಬರಾಕಿಲ್ಲ. ನಿಂಗೆ ಬಂದ್ರೆ ಬಾ, ಮಡಕೆ ಕೊಡ್ತೀನಿ."

ಹೋಗಲಿಲ್ಲ.

ಅಂತ್ಯ ಮೂರು: ಬಾಣದ ಬದಲು ಲೇಸರ್ ಶೋ, ಊರು ಕುಣಿಯುತ್ತದೆ. ಇದನ್ನು ಬರೆಯುವಾಗ ಪೆನ್ನು ನಿಂತಿತು. (ಇಂಕು ಮುಗಿದಿತ್ತು. ಆದರೂ ನಿಂತಿತು.)

೬.

ಸಿರಿ ಬಂದಳು. ಕೆರೆದ ಕಲ್ಲು ನೋಡಿದಳು, ಶಿವಲಿಂಗಮ್ಮನ ಸುಣ್ಣದಿಂದ ಬಿರಿದ ಬೆರಳು ನೋಡಿದಳು. ಈಗಲೇ ಒಂದು ಬಿರುಸು ಹಚ್ಚಿಬಿಡಿ ಎಂದಳು. ನನ್ನ ಕಣ್ಣೆದುರು ಉರಿದರೆ ಬಳಕೆಯಲ್ಲಿದೆ ಎಂದು ಬರೆಯುತ್ತೇನೆ, ನಕ್ಷೆ ಬದಲಾಗುತ್ತದೆ ಅಂತ.

ತಾಜ್ ಪಾಷಾ ಚೀಲದಿಂದ ಬಿರುಸು ತೆಗೆದ. ಗೊತ್ತಿದ್ದವನ ಹಾಗೆ ತಂದಿದ್ದ.

ಶಿವಲಿಂಗಮ್ಮ ಮೇಲೆ ನೋಡಿದಳು. ನೆತ್ತಿಗೇರುತ್ತಿದ್ದ ಸೂರ್ಯ. ಚುಕ್ಕಿಯಿಲ್ಲ, ಸೋಮವಾರವಲ್ಲ, ಈ ಬಿಸಿಲಲ್ಲಿ ನೀರಿಗೆ ಬಾಣದ ಬೆಳಕೇ ಬೀಳದು. ಹಚ್ಚಿದರೆ ಅಮ್ಮನಿಗಲ್ಲ, ಆಫೀಸಿಗೆ ಮಾಡಿದ ಸೇವೆ. ಹಚ್ಚದಿದ್ದರೆ ನಾಳೆಯಿಂದ ಅಮ್ಮನಿಗೆ ಯಾವ ಸೇವೆಯೂ ಇಲ್ಲ.

"ಅಕ್ಕಾ, ಹಚ್ಚಲಾ?" ಅಂದ ತಾಜ್ ಪಾಷಾ.

"ಒಸಿ ತಡಿ. ಕೇಳ್ಕಂಡು ಬತ್ತೀನಿ."

ಒಳಗೆ ಹೋಗಿ ಎರಡು ಸೇವಂತಿಗೆ ನೀರಲ್ಲಿ ಅದ್ದಿ ಅಮ್ಮನ ಎರಡು ಹೆಗಲಿಗೂ ಅಂಟಿಸಿದಳು. ಬಲದ್ದು ಬಿದ್ದರೆ ಅಪ್ಪಣೆ. ಎಡದ್ದು ಬಿದ್ದರೆ ಇಲ್ಲ.

ಇಷ್ಟೇನಾ? ನನ್ನ ಒಂದು ವಾಕ್ಯದ ಕೆಲಸ. 'ಬಲಗಡೆಯ ಹೂ ಬಿತ್ತು' ಎಂದು ಬರೆದುಬಿಟ್ಟರೆ ಕಟ್ಟೆ ಉಳಿಯಿತು, ಕಥೆ ಮುಗಿಯಿತು, ನಾನು ಮನೆಗೆ ಹೋಗಿ ಊಟ ಮಾಡಬಹುದು. 'ಬಲಗ' ಎಂದು ಬರೆದೂ ಇದ್ದೆ. ಶಿವಲಿಂಗಮ್ಮ ತಿರುಗಿ ನನ್ನನ್ನು ನೋಡಿದಳು.

"ಕಟ್ಟೆ ಉಜ್ಜಿಸ್ದೋನೂ ನೀನೇ, ಸುಣ್ಣ ಬಳಿಸ್ದೋನೂ ನೀನೇ. ನಾನೇನಾರ ಅಂದ್ನಾ? ಹೂವಿನ ತಾವಕ್ಕೆ ಮಾತ್ರ ಕೈ ಹಾಕ್ಬ್ಯಾಡ ಕಣಪ್ಪ. ಅದು ಅವಳ್ದು."

ಬರೆದದ್ದನ್ನು ಹೊಡೆದುಹಾಕಿದೆ.

ಸಿರಿ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತಿದ್ದಾಳೆ, ವರದಿಯ ಹಾಳೆ ಎದೆಗವುಚಿಕೊಂಡು. ತಾಜ್ ಪಾಷಾನ ಕೈಯಲ್ಲಿ ಬೆಂಕಿಪೊಟ್ಟಣ, ಗೀರಿಲ್ಲ. ಎರಡು ಹೂವಿನಿಂದಲೂ ನೀರು ತೊಟ್ಟಿಕ್ಕುತ್ತಿದೆ. ನಾನು ಪೆನ್ನು ಕೆಳಗಿಟ್ಟಿದ್ದೇನೆ. ನೀವೂ ಒಸಿ ಹಿಂದೆ ಸರಿಯಿರಿ, ನಿಮ್ಮ ಉಸಿರು ಹೂವಿಗೆ ತಾಗುತ್ತಿದೆ.