ಗೋಡೆಯ ಮೇಲಿನ ಅಕ್ಕ

ಐನಾಪುರದ ಆ ಮನೆಯಲ್ಲಿ ಬ್ರಾಹ್ಮಿ ಇಬ್ಬರಿಗೆ ಅಂಜಿ ಬೆಳೆದಳು. ಒಬ್ಬಳು ಅಡುಗೆಮನೆಯಲ್ಲಿದ್ದ ಅವ್ವ ತಾರಾಬಾಯಿ, ಇನ್ನೊಬ್ಬಳು ಪಡಸಾಲೆಯ ಗೋಡೆಯ ಮೇಲಿದ್ದ ಅಕ್ಕ ರೂಪಾಲಿ. ಅವ್ವ ಬಾಯಿ ಬಿಟ್ಟು ಬೈಯುತ್ತಿದ್ದಳು. ಅಕ್ಕ ಬರೀ ನೋಡುತ್ತಿದ್ದಳು.

ರೂಪಾಲಿ ಸತ್ತದ್ದು ಬ್ರಾಹ್ಮಿ ಹುಟ್ಟುವ ಮುಂಚೆ, ಇನ್ನೂ ಶಾಲೆಗೆ ಹೋಗದ ಕೂಸಿದ್ದಾಗಲೇ, ಜ್ವರ ಬಂದು. ಬ್ರಾಹ್ಮಿಗೆ ನೆನಪು ಮೂಡಿದಾಗಿನಿಂದ ಆ ಫೋಟೋ ಅಲ್ಲಿಯೇ ಇತ್ತು. ಎದೆಮಟ್ಟದ ಫೋಟೋ, ಕೆಂಪು ಫ್ರಾಕು, ಕಣ್ತುಂಬ ಕಾಡಿಗೆ. ಹಾರ ಮಾತ್ರ ಇರಲಿಲ್ಲ. ಜೀವ ಆಗಲೇ ಇನ್ನೊಂದು ದೇಹ ಹೊಕ್ಕಿರುತ್ತದೆ, ಹಾರ ಯಾರಿಗೆ ಎಂದು ಬಸದಿಗೆ ಬಂದ ಮುನಿಗಳು ಕೇಳಿದ್ದರಂತೆ. ಹಾಗೆಂದು ಅವ್ವ ಸುಮ್ಮನಿದ್ದವಳಲ್ಲ. ದಿನಾ ಹೊತ್ತು ಮುಳುಗುವ ಮೊದಲು ತಾಟು ಹಾಕುವಾಗ ಗೋಡೆಯ ಕಡೆ ತಿರುಗಿ, "ಉಣ್ಣಾಕ ಬಾ, ಬಾಳ" ಅನ್ನುವಳು. ಅವಳ ತವರು ಶಿರೋಳದ ಕಡೆ. ಮುದ್ದು ಬಂದಾಗ ಕೂಸನ್ನು ಮರಾಠಿಯಲ್ಲೇ 'ಬಾಳ' ಎಂದು ಕರೆಯುತ್ತಿದ್ದಳು. ಸಣ್ಣವಳಿದ್ದಾಗ ಬ್ರಾಹ್ಮಿ ತನ್ನನ್ನೇ ಕರೆದಳೆಂದು ಓಡಿ ಬಂದು ಕೂರುತ್ತಿದ್ದಳು.

ಹೋಲಿಕೆಯಂತೂ ತಪ್ಪುತ್ತಿರಲಿಲ್ಲ.

"ಅಕೀನ್ನ ನೋಡು, ಹೆಂಗ ಕಣ್ಣಾಗ ಕಣ್ಣಿಟ್ಟು ನೋಡ್ತಾಳ! ನೀ ಬೀಗರು ಬಂದ್ರ ಬಾಗಿಲ ಹಿಂದ. ಕಾಗವಾಡದ ಪೋಸ್ಟ್ ಡಬ್ಬಿ ಸೈತ ನಿನಗಿಂತ ಹೆಚ್ಚು ಬಾಯಿ ತೆಗೀತೈತಿ ಬೇ."

ಇಷ್ಟೆಲ್ಲ ಹೇಳುವಾಗಲೂ ಅವ್ವ ಬ್ರಾಹ್ಮಿಯ ಮುಖ ನೋಡುತ್ತಿರಲಿಲ್ಲ. ಹಿಟ್ಟು ನಾದುತ್ತಲೋ ಕಾಳು ಆರಿಸುತ್ತಲೋ ಹೇಳುವಳು.

ಅಥಣಿಯಲ್ಲಿ ಡಿಗ್ರಿ ಮುಗಿಸಿದ ಮೇಲೆ ಬ್ರಾಹ್ಮಿ ಹಳೆಯದೊಂದು ಕ್ಯಾಮೆರಾ ಕೊಂಡಳು. ಕ್ಯಾಮೆರಾದ ಹಿಂದೆ ನಿಂತವರನ್ನು ಯಾರೂ ನೋಡುವುದಿಲ್ಲ ಎಂಬುದೇ ಅವಳಿಗೆ ದೊಡ್ಡ ಸುಖ. ಈ ಸೀಮೆಯಲ್ಲಿ ಹೆಣ್ಣಿಗೆ ಹೆಸರು ಕೇಳುವ ಮೊದಲು "ಯಾರ ಮನಿಯಾಕಿ?" ಎಂದು ಕೇಳುತ್ತಾರಲ್ಲ, ಆ ಪ್ರಶ್ನೆ ಹಿಡಿದು ಊರೂರು ತಿರುಗಿದಳು. ಹೆಂಗಸರ ಫೋಟೋ ತೆಗೆದು, ಅಚ್ಚು ಹಾಕಿಸಿ, ಚಿತ್ರದ ಮೇಲೆಯೇ ಬಿಳಿ ಶಾಯಿಯಲ್ಲಿ ತನ್ನ ಕವಿತೆ ಬರೆಯುತ್ತಿದ್ದಳು. ರಾಯಬಾಗದ ಒಬ್ಬ ಮುದುಕಿಯ ಹಣೆಯ ಮೇಲ್ಭಾಗದ ಕತ್ತಲಲ್ಲಿ ಹೀಗೆ ಬರೆದಿದ್ದಳು:

ಮಿರಜದಲ್ಲಿ ಹುಟ್ಟಿದೆ, ಇಲ್ಲಿ ಬೆರೆತೆ.
ಕನಸಿನಲ್ಲಿ ಮಾತ್ರ
ನಿನ್ನ ಮಾತು ಯಾವುದೆಂದು ಯಾರೂ ಕೇಳಲಿಲ್ಲ.

ನಿಪ್ಪಾಣಿಯ ಒಂದು ಸಭಾಗೃಹದಲ್ಲಿ ಪ್ರದರ್ಶನ ನಿಗದಿಯಾಯಿತು. ಎಲ್ಲ ಸಿದ್ಧವಾಗಿ ಒಂದು ಚೌಕಟ್ಟು ಮಾತ್ರ ಖಾಲಿ ಉಳಿಯಿತು. ಅದು ಅವಳದೇ, ಕ್ಯಾಮೆರಾದ ಎದುರು ನಿಲ್ಲಲಾರದೆ ಎಳವೆಯ ಫೋಟೋ ಹಾಕೋಣವೆಂದು ಬಿಟ್ಟದ್ದು. ಆದರೆ ಅಂಥ ಒಂದೂ ಫೋಟೋ ಮನೆಯಲ್ಲಿರಲಿಲ್ಲ. ಕೇಳಿದರೆ ಅವ್ವ, "ಫೋಟೋ ಅಂದ್ರ ಅಳಾಕಿ ನೀ" ಎಂದು ಮಾತು ಮುಗಿಸುತ್ತಿದ್ದಳು. ಕೊನೆಗೆ ಅಕ್ಕನನ್ನೇ ತನ್ನ ಜಾಗದಲ್ಲಿಟ್ಟು, 'ನೀನಿದ್ದಿದ್ದರೆ ನಾನಿರುತ್ತಿದ್ದೆನೆ?' ಎಂದು ಕೇಳುವ ಕವಿತೆ ಬರೆಯೋಣವೆಂದುಕೊಂಡಳು.

ಅವ್ವ ಬಸದಿಗೆ ಹೋದ ಹೊತ್ತು ನೋಡಿ ಸ್ಟೂಲು ಹತ್ತಿದಳು. ಫೋಟೋ ಇಳಿಸಿ, ಗಾಜು ತೆಗೆದು, ಹತ್ತಿರದಿಂದ ಚಿತ್ರ ತೆಗೆದಳು. ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿದಾಗ ಪೌಡರಿನ ಅಡಿಯಲ್ಲಿ, ಗದ್ದದ ಎಡಕ್ಕೆ, ಜೋಳದ ಕಾಳಿನಷ್ಟು ಉದ್ದದ ಒಂದು ಗಾಯದ ಕಲೆ ಕಂಡಿತು.

ಬ್ರಾಹ್ಮಿಯ ಕೈ ತನ್ನ ಗದ್ದಕ್ಕೆ ಹೋಯಿತು. ಸಣ್ಣವಳಿದ್ದಾಗ ಬಸದಿಯ ಮೆಟ್ಟಿಲ ಮೇಲೆ ಬಿದ್ದು ಆದ ಗಾಯದ ಕಲೆ ಅಲ್ಲಿಯೇ ಇತ್ತು. ಬೆರಳಿಗೆ ಸಿಕ್ಕಿತು.

ಅಪ್ಪ ಭಾವುಸಾಹೇಬ ದ್ರಾಕ್ಷಿ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ.

"ಅಪ್ಪಾ, ಫೋಟೋದಾಗ ಇದ್ದಾಕಿ ಯಾರು?"

ಅಪ್ಪನ ಕೈಯ ತಂಬಿಗೆ ಅಲ್ಲೇ ನಿಂತಿತು. "ಕೇಳಬಾರ್ದಿತ್ತವ್ವ ನೀ."

"ಯಾರು?"

"ನಿಮ್ಮಜ್ಜಿ ಐದು ತುಂಬೂತನಕ ಕೂಸಿನ ಫೋಟೋ ತಗಸಗೊಡ್ತಿದ್ದಿಲ್ಲ. ದೃಷ್ಟಿ ಆಗತೈತಿ ಅಂತ. ರೂಪಾಲಿ ಐದು ತುಂಬೂದರೊಳಗ ಹೋದ್ಲು. ಒಂದ ಒಂದು ಫೋಟೋ ಇಲ್ಲ. ನಿಮ್ಮವ್ವ 'ಅಕಿ ಮೂಗು ಮರಿಯಾಕತ್ತೈತಿ' ಅಂತ ಗ್ವಾಡಿಗೆ ಹಣಿ ಹೊಡಕೊಳ್ಳಾಕಿ. ನಿನಗ ಐದು ತುಂಬಿದ ಮ್ಯಾಲೆ ನಿನ್ನ ಫೋಟೋ ತಗಸಾಕಂತ ಚಿಕ್ಕೋಡಿ ಸ್ಟುಡಿಯೋಕ್ಕ ಹೋದ್ವಿ, ನಿನಗ ನೆನಪಿಲ್ಲ. ಅಲ್ಲಿ ಅಕಿ ಚೀಲದಾಗಿಂದ ರೂಪಾಲಿ ಫ್ರಾಕು ತಗದ್ಲು. ನಾ ಏನೂ ಅನಲಿಲ್ಲ."

"ಮತ್ತ ನನ್ನ ಫೋಟೋ?"

"ಅದ ನಿನ್ನ ಫೋಟೋ."

"ಅವ್ವಗ ನೆನಪೈತಿ?"

"ಯಾರಿಗೆ ಗೊತ್ತು. ನೀ ಬಾಯಿ ಬಿಡಬ್ಯಾಡ. ಅದೂ ಹ್ವಾದ್ರ ಅಕಿ ಹಂತ್ಯಾಕ ಏನೂ ಉಳ್ಯಾಂಗಿಲ್ಲ."

ಬ್ರಾಹ್ಮಿ ಫೋಟೋವನ್ನು ಮೊಳೆಗೆ ಮತ್ತೆ ತೂಗುಹಾಕಿದಳು. ಕೆಳಗೆ ನಿಂತು ನೋಡಿದಳು. ಇಷ್ಟು ವರ್ಷ ಇವಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಇವಳಷ್ಟು ಧೈರ್ಯ ತನಗಿಲ್ಲವೆಂದು ಕೊರಗಿದ್ದಳು. ಬಟ್ಟೆ ಬದಲಿಸುವಾಗ ಇವಳ ಕಣ್ಣು ತಪ್ಪಿಸಿ ಒಳಕೋಣೆಗೆ ಹೋಗುತ್ತಿದ್ದಳು. ಈಗ ಆ ಕಣ್ಣು ತನ್ನವೆಂದು ತಿಳಿದ ಮೇಲೂ ಅವುಗಳೆದುರು ನಿಲ್ಲಲಾರದೆ ಒಳಕೋಣೆಗೆ ಹೋದಳು.

ಮರುದಿನ ಅಚ್ಚು ಹಾಕಿಸಿ ತಂದಳು. ಮಧ್ಯಾಹ್ನವಿಡೀ ಬಿಳಿ ಶಾಯಿಯ ಪೆನ್ನು ಹಿಡಿದು ಕೂತಳು. ಬರೆದರೆ ಅವ್ವನ ಮಗಳು ಹೋಗುತ್ತಾಳೆ. ಬರೆಯದಿದ್ದರೆ ತಾನೆಂದೂ ಐದು ವರ್ಷದವಳಾಗಿರಲೇ ಇಲ್ಲ. ಕವಿತೆಯೆಲ್ಲ ಮರೆತು ಹೋಗಿ ಎರಡೇ ಪದ ಉಳಿದವು. ಬರೆದುಬಿಟ್ಟಳು. ಶಾಯಿ ಆರಿರಲಿಲ್ಲ, ಅವ್ವ ಬಾಗಿಲಲ್ಲಿ ನಿಂತಿದ್ದಳು.

ತಾರಾಬಾಯಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಬೆರಳು ಇಟ್ಟು ಓದಿದಳು.

"ಈ... ಕೆ... ನಾ... ನು."

ಬ್ರಾಹ್ಮಿ ಪೆನ್ನು ಕೆಳಗಿಟ್ಟಳು. ಅವ್ವನಿಂದ ಅಳು ಬರಲಿಲ್ಲ, ಬೈಗುಳವೂ ಬರಲಿಲ್ಲ.

"ಆ ಗಾಯಕ್ಕ ಅರಿಷಿಣ ಒತ್ತಿದಾಕಿ ನಾನ. ನನಗ ತಿಳಿಯೂದಿಲ್ಲೇನು?"

"ತಿಳಿದೂ ದಿನಾ ಅಕೀಗೆ ನನ್ನ ಹೋಲಿಸಿ ಬೈತಿದ್ದಿ?"

"ಮೊದಲ ತಿಳಿದಿತ್ತು. ನಡುವ ಮರ್ತೆ. ಅದು ನೀ ಅನ್ನೂದು ಮರತು ಹೋಗಲಿ ಅಂತನ ತೂಗಹಾಕಿದ್ದು." ಅವ್ವ ನೆಲದ ಮೇಲೆ ಕೂತಳು. "ಈಗೀಗ ನೀ ಬಾಗಿಲದಾಗ ನಿಂತ್ರ, ಗ್ವಾಡಿಯಿಂದ ಅಕಿನ ಇಳದು ಬಂದಾಳೇನೋ ಅಂತ ಎದಿ ಝಲ್ ಅಂತೈತಿ. ಅದಕ್ಕ ನಿನ್ನ ಮಾರಿ ನೋಡೂದಿಲ್ಲ ನಾ."

"ಹಂಗಾರ ಅಕ್ಕನ ಖರೇ ಮಾರಿ ಹೆಂಗಿತ್ತವ್ವ?"

ಅವ್ವ ಕಣ್ಣು ಮುಚ್ಚಿದಳು. "ಮೂಗು..." ಎಂದಳು. ತಡೆದಳು. "ನಿಂದ ಬರಾಕತ್ತೈತಿ. ಹಣಿ... ಅದೂ ನಿಂದ." ಬೆಚ್ಚಿ ಕಣ್ಣು ತೆರೆದಳು. "ಇಲ್ಲ ಬೇ. ಅಕಿ ಎಲ್ಲೂ ಇಲ್ಲ. ಒಳಗೆಲ್ಲಾ ನೀನ ಕುಂತೀದಿ."

ಸತ್ತವರು ಬದುಕಿದವರನ್ನು ಕಾಡುತ್ತಾರೆಂದು ಬ್ರಾಹ್ಮಿ ಕೇಳಿದ್ದಳು. ಇಲ್ಲಿ ಸತ್ತ ಕೂಸಿನ ಮುಖದ ಮೇಲೆ ತಾನು ಕೂತು ಅದು ಅಳಿಸಿಹೋಗಿತ್ತು. ಇನ್ನು ಕೇಳುವುದು ಏನೂ ಉಳಿದಿಲ್ಲವೆಂದು ಎದ್ದಳು.

"ಕಾಲು," ಎಂದಳು ಅವ್ವ.

"ಏನು?"

"ಸ್ಟುಡಿಯೋದಾಂವ ಕಾಲು ತಗೀಲಿಲ್ಲ. ಎದಿತನಕ ತಗದಾನ." ಅವಳ ದನಿ ಓಡತೊಡಗಿತು. "ಎಡಗಾಲಿನ ಎರಡನೇ ಬಟ್ಟು ಹೆಬ್ಬಟ್ಟಿನ ಮ್ಯಾಲೆ ಹತ್ತಿ ಕೂಡತಿತ್ತು. ಚಪ್ಪಲ ಹಾಕಿದ್ರ ಚೀರಾಕಿ. ಎರಿಮಣ್ಣಾಗ ಕುಣದು ಬರಾಕಿ, ಎಷ್ಟು ತಿಕ್ಕಿದ್ರೂ ಉಗರ ಸಂದ್ಯಾಗಿನ ಕರಿ ಹೋಗತಿದ್ದಿಲ್ಲ. ಕಡೀ ದಿನಾನೂ ಇತ್ತು. ತೊಳದ ಕಳಸಿದ್ನಿ, ಆದ್ರೂ ಇತ್ತು."

ಬ್ರಾಹ್ಮಿಯ ಪಾದಗಳ ಕಡೆ ನೋಡಿದಳು. ಆಮೇಲೆ, "ನಿನ್ನವು ತೋರಸು."

ಬ್ರಾಹ್ಮಿ ಎದುರಿಗೆ ಕೂತು ಎಡಗಾಲು ಚಾಚಿದಳು. ಅವ್ವ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಏನೋ ಕಳೆದದ್ದನ್ನು ಹುಡುಕುವವಳಂತೆ ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಎಲ್ಲ ನೆಟ್ಟಗಿದ್ದವು.

"ಇವು ಅಕೀವಲ್ಲ," ಎಂದಳು. "ಇವು ನಿನ್ನವು. ಮಾರಿ ನೀ ಒಯ್ಯಿ ನಿಪ್ಪಾಣಿಗೆ. ಅಕಿ ಕಾಲು ಅಷ್ಟ ನನಗಿರಲಿ."

ಹೇಳಿದಳೇ ಹೊರತು ಹಿಡಿದದ್ದನ್ನು ಬಿಡಲಿಲ್ಲ. ಕಾಲು ಜೋಮು ಹಿಡಿಯಿತು. ಬ್ರಾಹ್ಮಿ ಎಳೆದುಕೊಳ್ಳಲಿಲ್ಲ.