ಮಗ್ಗ ನಿಂತಾಗ ಕೇಳಿದ ಪ್ರಾರ್ಥನೆ

ರಬಕವಿಯ ಗಿರಿಮಲ್ಲಪ್ಪನ ಶೆಡ್ಡಿನಲ್ಲಿ ಭಾನುವಾರವೂ ಮಗ್ಗಗಳು ನಿಲ್ಲುವುದಿಲ್ಲ. ಹನ್ನೆರಡು ವಿದ್ಯುತ್ ಮಗ್ಗಗಳ ಖಟಖಟ ಸದ್ದಿನ ಮೇಲೆ ಒಂದು ಮಾಳಿಗೆಯ ಕೋಣೆ. ಅಲ್ಲಿ ಹತ್ತು ಹನ್ನೆರಡು ಕ್ರೈಸ್ತ ಮನೆತನಗಳು ಆರು ವರ್ಷಗಳಿಂದ ವಾರದ ಆರಾಧನೆ ನಡೆಸುತ್ತಿದ್ದವು. ಕೆಳಗಿನ ಸದ್ದಿಗೆ ಒಗ್ಗಿಹೋಗಿ ಅವರು ದೇವರನ್ನೂ ಕೂಗಿಯೇ ಕರೆಯುತ್ತಿದ್ದರು. ಮೆಲ್ಲಗೆ ಬೇಡಿಕೊಂಡರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ.

ಆ ತಿಂಗಳು ಪ್ರಾರ್ಥನೆಯ ಪಾಳಿ ರಂಜನಾಳದು. ವಾರವಿಡೀ ಅದೇ ಶೆಡ್ಡಿನಲ್ಲಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು. ಆ ಭಾನುವಾರ ಅವಳು ಕಣ್ಣು ಮುಚ್ಚಿ ಬೇಡುತ್ತಿರುವಾಗಲೇ ಕರೆಂಟು ಹೋಯಿತು. ಹನ್ನೆರಡೂ ಮಗ್ಗಗಳು ಒಮ್ಮೆಲೇ ನಿಂತವು. ಅವಳ ದನಿ ಮಾತ್ರ ನಿಲ್ಲಲಿಲ್ಲ. "ಯುದ್ಧ ನಿಲ್ಲಿಸ್ರಿ ಅಂತ ಜಗತ್ತಿನ ಸಭಾದಾಗ ದೇಶಗಳು ಕೈ ಎತ್ತಿದಾಗ ನಮ್ಮ ದೇಶ ಎತ್ತಲಿಲ್ಲ. ತಂದೆಯೇ, ಈ ತಪ್ಪು ಕ್ಷಮಿಸು" ಎಂಬ ಮಾತು ಕಿಟಕಿಯಿಂದ ಹೊರಬಿದ್ದು ಓಣಿಯಿಡೀ ಕೇಳಿಸಿತು.

ಎದುರಿನ ಸೀರೆ ಅಂಗಡಿಯ ಚನಮಲ್ಲಪ್ಪ ಅವತ್ತು ಸಂಜೆಯೇ ಗೆಳೆಯ ಗಿರಿಮಲ್ಲಪ್ಪನನ್ನು ಹುಡುಕಿಕೊಂಡು ಬಂದ.

"ಏನಲೇ ಗಿರಿಮಲ್ಲ, ನಿನ್ನ ಮಾಳಗಿ ಮ್ಯಾಲ ಕುಂತು ದೇಶಕ್ಕ ಬೈಯಾಕತ್ತಾರ. ನೀ ಅವರಿಗೆ ಚಾಪಿ ಹಾಸಿಕೊಟ್ಟಿ."

"ಬೈದದ್ದು ನೀ ಕೇಳಿದೇನು?"

"ಓಣಿಗೆ ಓಣಿನ ಕೇಳೈತಿ. ಮುಂದಿನ ಐತವಾರ ಕೋಣಿ ಖಾಲಿ ಮಾಡಸು. ಇಲ್ಲಂದ್ರ ಮಂದಿ ನಿನ್ನ ಬಾಗಲಿಗೆ ಬರ್ತಾರ, ಆಮ್ಯಾಲೆ ನನ್ನ ಕರೀಬ್ಯಾಡ."

ಆ ಮಾತು ಕೆಳಗೆ ಶೆಡ್ಡಿನಲ್ಲಿದ್ದ ಗಿರಿಮಲ್ಲಪ್ಪನಿಗೂ ಕೇಳಿಸಿತ್ತು; ಅವನಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಗಿತ್ತು. ದೇಶವನ್ನು ಬೈಯುವವರನ್ನು ಅವನು ಚಹಾದಂಗಡಿಯಲ್ಲಿ ಕಂಡಿದ್ದ, ಮೊಬೈಲಿನಲ್ಲಿ ಕಂಡಿದ್ದ. ತಲೆಯ ಮೇಲೆ ಸೆರಗು ಹೊದ್ದು, ದೇಶದ ಪರವಾಗಿ ತಾವೇ ಕ್ಷಮೆ ಕೇಳುವವರನ್ನು ಕಂಡಿರಲಿಲ್ಲ.

ಮರುದಿನ ರಂಜನಾಳ ರಾಟೆಯ ಪಕ್ಕ ಹೋಗಿ ನಿಂತ.

"ಅಲ್ಲಬೇ ರಂಜನಾ, ದೇಶ ಅಂದ್ರ ತಾಯಿ ಇದ್ದಂಗ. ತಾಯಿ ತಪ್ಪು ಯಾರರ ಎತ್ತಿ ಆಡ್ತಾರೇನು?"

ಅವಳು ರಾಟೆ ನಿಲ್ಲಿಸಲಿಲ್ಲ. "ನೆರಿಮನಿ ಕೂಸು ಹಸಿದು ಅಳಾಕತ್ತಿದ್ರ, ನಮ್ಮವ್ವ ಬಾಗಲಾ ಹಾಕ್ಕೊಂಡು ಕುಂತ್ಲು ಅನ್ರಿ. ಯವ್ವಾ ಬಾಗಲಾ ತಗಿ ಅಂತ ಯಾರು ಹೇಳಬೇಕ್ರಿ ಸಾವಕಾರ್ರ? ಮಗಳಾಗಿ ನಾನ ಹೇಳಬೇಕಲ್ರಿ."

"ಸರಕಾರಕ್ಕ ಹತ್ತು ಕಡಿ ನೋಡಬೇಕಾಗ್ತೈತಿ. ಎಣ್ಣಿ, ವ್ಯಾಪಾರ, ಗಡಿ. ಅವೆಲ್ಲಾ ನಿನಗೇನ್ ತಿಳಿತಾವು?"

"ತಿಳಿಯಂಗಿಲ್ಲ, ಖರೆ ಐತಿ. ಅದಕ್ಕ ಸರಕಾರಕ್ಕ ಏನೂ ಹೇಳಾಕ ಹೋಗಲಿಲ್ರಿ. ದೇವರ ಮುಂದ ಹೇಳಿದೆ. ನಮ್ಮಲ್ಲಿ ಬೇಡೋದು ಆಮ್ಯಾಲೆ, ಮೊದಲ ತಪ್ಪು ಒಪ್ಪಿಕೊಳ್ಳೋದು."

"ಓಣಿಗೆಲ್ಲಾ ಕೇಳಸಬೇಕಿತ್ತೇನು?"

"ಅದು ನಿಮ್ಮ ಕರೆಂಟಿನ ಕೆಲಸ್ರಿ," ಎಂದಳು. ಗಿರಿಮಲ್ಲಪ್ಪನಿಗೆ ನಗು ಬಂತು. ನಗದೆ ಹೊರಗೆ ಬಂದ.

ಗುರುವಾರ, ಚನಮಲ್ಲಪ್ಪನ ಮಾತು ಕಿವಿಗೆ ಬಿದ್ದು, ಆರಾಧನಾ ಸಭೆಯ ಹಿರಿಯ ಪರಮಾನಂದ ಮಾಸ್ತರರು ತಾವಾಗಿಯೇ ಬಂದು ಕೈಮುಗಿದರು. "ಆ ಮಾತು ತಗದಬಿಡ್ತೀವ್ರಿ. ಇನ್ನ ಮ್ಯಾಲೆ ಮಳಿ, ಬೆಳಿ, ಮಕ್ಕಳ ಪರೀಕ್ಷಾ, ಇಷ್ಟ ಬೇಡ್ಕೋತೀವಿ. ಕೋಣಿ ಒಂದ ಇರಲಿ. ಈ ಊರಾಗ ನಮಗ ಮತ್ಯಾರೂ ಜಾಗಾ ಕೊಡಂಗಿಲ್ಲ." ದೇವರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಒಬ್ಬ ಮುದುಕ ತನ್ನ ಅಪ್ಪಣೆ ಕೇಳುತ್ತಿದ್ದಾನೆ ಎಂಬುದು ಗಿರಿಮಲ್ಲಪ್ಪನಿಗೆ ಅವರು ಹೋದ ಮೇಲೆ ಹೊಳೆಯಿತು. ಅದು ಅವನಿಗೆ ಚುಚ್ಚಿತು.

ಭಾನುವಾರ ಅವನು ಹಣೆಯ ವಿಭೂತಿಯೊಡನೆ ಮಾಳಿಗೆ ಹತ್ತಿ ಹೋದ. ಮಾಸ್ತರರು ಗಾಬರಿಯಿಂದ ಕುರ್ಚಿ ತಂದರು. ಅವನು ಹಿಂದಿನ ಚಾಪೆಯ ಮೇಲೆ ಕುಳಿತ. ಹಾಡು ಮುಗಿದು ರಂಜನಾ ಎದ್ದು ನಿಂತಳು, ಅವನತ್ತ ಒಮ್ಮೆ ನೋಡಿ ಕಣ್ಣು ಮುಚ್ಚಿದಳು. ತುಟಿಗಳು ಆಡಿದವು, ಆದರೆ ದನಿ ಹೊರಬರಲಿಲ್ಲ. ಕೆಳಗಿನ ಮಗ್ಗಗಳ ಸದ್ದೊಂದೇ ಕೋಣೆ ತುಂಬಿತ್ತು. ಆ ಸದ್ದಿನೊಳಗೆ ಅವಳು ಅಡಗಿಕೊಂಡಿದ್ದಾಳೆ, ತನ್ನಿಂದಲೇ ಅಡಗಿಕೊಂಡಿದ್ದಾಳೆ ಎಂದು ಅವನಿಗೆ ತಿಳಿಯಿತು.

ಅವನು ಎದ್ದು ಕೆಳಗಿಳಿದ. ತುಸು ಹೊತ್ತಿಗೆ ಮಗ್ಗಗಳು ಒಂದೊಂದಾಗಿ ನಿಂತವು. ಅವನು ಮರಳಿ ಬಂದು ಅದೇ ಚಾಪೆಯ ಮೇಲೆ ಕುಳಿತ.

"ಕೇಳಾಕಂತ ಬಂದೀನಿ. ಹೋದ ವಾರ ಹೇಳಿದ್ದನ್ನ ಹೇಳು."

ಮಾಸ್ತರರು ಬೇಡವೆಂಬಂತೆ ಕೈ ಎತ್ತಿದರು, ಮತ್ತೆ ಇಳಿಸಿದರು. ರಂಜನಾ ಈಗ ಕೂಗಲಿಲ್ಲ. ದೇಶ ಆಳುವವರಿಗೆ ಆಯುಷ್ಯ ಬೇಡಿದಳು, ನೇಕಾರರ ಕೈಗೆ ಕೆಲಸ ಬೇಡಿದಳು. ಆಮೇಲೆ, "ಅಲ್ಲಿ ಯುದ್ಧದಾಗ ಕೂಸುಗಳು ಸಾಯುವಾಗ ನಾವು ಸುಮ್ಮನ ಕುಂತೇವು, ತಂದೆಯೇ. ನಮ್ಮ ದೇಶಕ್ಕ ಮಾತಾಡೋ ಧೈರ್ಯ ಕೊಡು" ಎಂದು ನಿಲ್ಲಿಸಿದಳು.

ಆ ಯುದ್ಧದ ಸುದ್ದಿ ಊಟದ ಹೊತ್ತಿಗೆ ಟಿವಿಯಲ್ಲಿ ಬಂದಾಗಲೆಲ್ಲ ತಾನು ಚಾನೆಲ್ ಬದಲಿಸುತ್ತಿದ್ದುದು ಗಿರಿಮಲ್ಲಪ್ಪನಿಗೆ ನೆನಪಾಯಿತು. ಅವಳು ಹೇಳಿದ್ದೆಲ್ಲ ಸರಿಯೋ ಅಲ್ಲವೋ, ಅವನಿಗೆ ಇನ್ನೂ ಗೊತ್ತಿರಲಿಲ್ಲ. ಆದರೆ ಅದರಲ್ಲಿ ಬೈಗುಳ ಎಲ್ಲಿದೆ ಎಂದು ಹುಡುಕಿದರೆ ಸಿಗಲಿಲ್ಲ.

ಕೆಳಗೆ ಬಂದಾಗ ಮೆಟ್ಟಿಲ ಬಳಿ ಚನಮಲ್ಲಪ್ಪ ಕಾಯುತ್ತಿದ್ದ.

"ಆತೇನು? ಖಾಲಿ ಮಾಡ್ತಾರಂತೇನು?"

"ಇಲ್ಲ. ನಾನ ಇರ್ರಿ ಅಂತ ಹೇಳ್ತೀನಿ."

"ಮತ್ತ ಮಂದಿ ಬಂದ್ರ?"

"ಬರ್ಲಿ. ಮ್ಯಾಲ ಜಾಗಾ ಐತಿ, ಕುಂತು ಕೇಳಲಿ."

ನೇಕಾರನೊಬ್ಬ ಒಳಗಿನಿಂದ ಇಣುಕಿದ. "ಚಾಲೂ ಮಾಡೂಣೇನ್ರಿ?"

"ತಡಿಯೋ, ಇನ್ನೊಂದು ಹಾಡು ಉಳದೈತಂತ," ಎಂದು ಗಿರಿಮಲ್ಲಪ್ಪ ಮೆಟ್ಟಿಲ ಮೇಲೆ ಕುಳಿತ. ಚನಮಲ್ಲಪ್ಪ ಗೊಣಗುತ್ತ ತುಸು ಹೊತ್ತು ನಿಂತೇ ಇದ್ದ. ಮೇಲೆ ಹಾಡು ಶುರುವಾಯಿತು. ಚನಮಲ್ಲಪ್ಪ ಟವೆಲ್ಲಿನಿಂದ ಗೆಳೆಯನ ಪಕ್ಕದ ಮೆಟ್ಟಿಲ ಧೂಳು ಜಾಡಿಸಿ ಕುಳಿತ.